ದಿವಂಗತರ ಹಾಜರಿ

ಬೆಳಿಗ್ಗೆ ಏಳೂಕಾಲಕ್ಕೆ ಬೀಜ ಸಂಘದ ಹಿಂಬಾಗಿಲು ತೆಗೆದು, ಮೊಳಕೆ ಕೋಣೆಯ ದೀಪ ಹಾಕಿ, ತಟ್ಟೆಗಳ ಮೇಲಿನ ಒದ್ದೆ ಬಟ್ಟೆ ಸರಿಸಿ ಮೊದಲು ಮೂಗಿನಿಂದಲೇ ಒಂದು ಸಲ ಪರೀಕ್ಷೆ ಮಾಡಿ, ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಗಂಡನ ಹೆಸರನ್ನು ಟೈಪ್ ಮಾಡುವುದು ಬೀಜದಕ್ಕನಿಗೆ ಆರು ವರ್ಷದ ರೂಢಿ. ಗಂಡ ತೀರಿಕೊಂಡೂ ಅಷ್ಟೇ ವರ್ಷವಾಗಿತ್ತು.

ಬದುಕಿದ್ದಾಗ ಅವನನ್ನು ಎಲ್ಲರೂ ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಸಂಘದ ಗ್ರೇಡರ್ ಅವನು. ರೈತರು ಮೂಟೆಗಟ್ಟಿ ತಂದ ಬೀಜದಿಂದ ನೂರು ಕಾಳು ಎತ್ತಿ, ಒದ್ದೆ ಕಾಗದದ ಮೇಲೆ ಮೊಳಕೆಗಿಟ್ಟು, ಏಳನೆಯ ದಿನ ಎಷ್ಟು ಸರಿಯಾಗಿ ಮೊಳೆತಿವೆ ಎಂದು ಎಣಿಸಿ, ಆ ಅಂಕಿಯನ್ನು ಕಂಪ್ಯೂಟರಿಗೆ ಏರಿಸುವುದು ಅವನ ಕೆಲಸ. ಎಂಬತ್ತೈದು ಮುಟ್ಟಿದರೆ ಅದು ಬೀಜ. ಮುಟ್ಟದಿದ್ದರೆ ಹಿಟ್ಟಿನ ಗಿರಣಿಗೆ ಹೋಗುವ ಬರೀ ಕಾಳು. ಸಂಘದ ಚೀಲ ನಂಬಿ ಹೊಲ ಉಳುವವರ ಒಂದು ವರ್ಷವೇ ಆ ಅಂಕಿಯ ಮೇಲೆ ನಿಂತಿರುತ್ತದೆ. ನಿಧಾನಪ್ಪ ಕೆಟ್ಟವನಲ್ಲ, ಕಳ್ಳನಂತೂ ಅಲ್ಲವೇ ಅಲ್ಲ. ಆದರೆ ಬೆಳಗಿನ ಎಂಟು ಗಂಟೆಯನ್ನು ಅವನು ನೋಡಿದ್ದೆಲ್ಲ ಹಾಸಿಗೆಯ ಮೇಲಿಂದಲೇ. ಏಳನೆಯ ದಿನ ಭಾನುವಾರ ಬಿತ್ತೆಂದರೆ ತಟ್ಟೆಗಳನ್ನು ಸೈಕಲ್ಲಿಗೆ ಕಟ್ಟಿ ಮನೆಗೆ ತಂದುಬಿಡುತ್ತಿದ್ದ. "ನೀನು ಸ್ವಲ್ಪ ಎಣಿಸ್ತಿರು, ನಾನು ಬೆನ್ನು ನೆಟ್ಟಗೆ ಮಾಡ್ಕೋತೀನಿ" ಎಂದು ಹೆಂಡತಿಗೆ ಹೇಳಿ ಮಲಗಿದನೆಂದರೆ ಬೆನ್ನು ನೆಟ್ಟಗಾಗುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಹೀಗೆ ಹನ್ನೊಂದು ವರ್ಷದ ಭಾನುವಾರಗಳನ್ನು ಎಣಿಸಿ ಎಣಿಸಿ ಆಕೆಗೆ ಮೊಳಕೆಗಳ ಗುಣವೆಲ್ಲ ಗೊತ್ತಾಗಿಹೋಯಿತು. ಬೇರು ಬಿಟ್ಟೂ ಮುಂದೆ ಹೋಗದೆ ಮೊಂಡು ಹಿಡಿದದ್ದು, ಎಲೆ ತೋರಿಸಿ ಬುಡದಲ್ಲಿ ನೀರಾಗುತ್ತಿರುವುದು, ಸುರುಳಿ ಸುತ್ತಿಕೊಂಡು ಮಣ್ಣೊಳಗೇ ಉಳಿದುಬಿಡುವುದು, ಇವೆಲ್ಲ ಮೊದಲ ನೋಟಕ್ಕೆ ಮೊಳಕೆಯಂತೆಯೇ ಕಾಣುತ್ತವೆ. ಇನ್ನೊಮ್ಮೆ ನೋಡಿದವರಿಗೆ ಮಾತ್ರ ಬಣ್ಣ ಬಯಲಾಗುತ್ತದೆ.

ಯಾವುದಕ್ಕೂ ಅವಸರ ಪಡದ ನಿಧಾನಪ್ಪ ಸಾಯುವುದಕ್ಕೆ ಮಾತ್ರ ಅವಸರ ಮಾಡಿದ. ನಲವತ್ತೆಂಟಕ್ಕೇ ಎದೆನೋವು ಬಂದು ಹೊರಟುಹೋದ. ಸಂಘದವರು ಕನಿಕರದಿಂದ ಹೆಂಡತಿಗೆ ಅಟೆಂಡರ್ ಕೆಲಸ ಕೊಟ್ಟರು. ಬಾಗಿಲು ತೆಗೆಯುವುದು, ಗುಡಿಸುವುದು, ಚಹಾ ಕಾಸುವುದು. ಮೂರು ವಾರ ಕಳೆಯುವುದರೊಳಗೆ ಮೊಳಕೆ ಕೋಣೆಯಲ್ಲಿ ಎಣಿಸುವವರಿಲ್ಲದ ತಟ್ಟೆಗಳು ಎದೆಯೆತ್ತರ ರಾಶಿಯಾಗಿ, ಕಾಳು ಕೊಳೆತು, ವಾಸನೆ ಸೆಕ್ರೆಟರಿಯವರ ಮೇಜಿನ ತನಕ ಬಂತು. ಸೆಕ್ರೆಟರಿ ಆಕೆಯನ್ನು ಕರೆದರು.

"ಏನಮ್ಮ, ಅವನ ಪಾಸ್‌ವರ್ಡ್ ನಿನಗೇನಾದ್ರೂ ಗೊತ್ತಾ?"

"ಗೊತ್ತಿದೆ ಸಾರ್."

"ನಿನ್ನ ಹೆಸರೇ ಇಟ್ಟಿದ್ನಾ?"

"ಇಲ್ಲ ಸಾರ್. ಎಮ್ಮೆ ಹೆಸರು."

ಸೆಕ್ರೆಟರಿ ಸ್ವಲ್ಪ ಹೊತ್ತು ಕೆಮ್ಮಿದರು. "ಹೊಸ ಗ್ರೇಡರ್ ಬರೋ ತನಕ ನೀನೇ ಎಣಿಸಿ ಹಾಕ್ತಿರು. ಎರಡು ವಾರದ ಮಾತು" ಎಂದರು.

ಆ ಎರಡು ವಾರ ಆರು ವರ್ಷದಷ್ಟು ಉದ್ದವಾಯಿತು. ಹೊಸ ಗ್ರೇಡರ್ ಯಾಕೆ ಬರಬೇಕು? ಹೆಡ್ ಆಫೀಸಿನಲ್ಲಿ ಕೂತು ಕಂಪ್ಯೂಟರ್ ನೋಡುವವರಿಗೆ ಈ ಶಾಖೆಯ ಗ್ರೇಡರ್ ದಿನಾ ಕೆಲಸ ಮಾಡುತ್ತಿರುವುದು ಕಣ್ಣಿಗೆ ಕಾಣುತ್ತಿತ್ತಲ್ಲ. ಸಂಬಳದ ವಿಭಾಗದ ಪಾಲಿಗೆ ನಿಧಾನಪ್ಪ ಸತ್ತಿದ್ದ, ಕಂಪ್ಯೂಟರ್ ವಿಭಾಗದ ಪಾಲಿಗೆ ಬದುಕಿದ್ದ. ಎರಡೂ ವಿಭಾಗಗಳು ಒಂದೇ ಮಹಡಿಯಲ್ಲಿ ಎದುರುಬದುರು ಇದ್ದರೂ ಸಾವಿನ ಸುದ್ದಿ ನಡುವಿನ ಓಣಿಯನ್ನು ದಾಟಿರಲಿಲ್ಲ. ಅಷ್ಟೇ ಅಲ್ಲ, ಎರಡು ವರ್ಷದ ಹಿಂದೆ ಸಂಘದ ಎಂಟೂ ಶಾಖೆಗಳಲ್ಲಿ ಸಮಯಕ್ಕೆ ಸರಿಯಾಗಿ ಕೆಲಸ ಶುರು ಮಾಡುವ ನೌಕರನೆಂದು ಕಂಪ್ಯೂಟರ್ ತಾನೇ ಆರಿಸಿದ ಹೆಸರಿಗೆ ಒಂದು ಪ್ರಶಸ್ತಿ ಪತ್ರ ಬಂತು. ಸೆಕ್ರೆಟರಿ ಬೆವರುತ್ತಾ ಅದನ್ನು ಬೀಜದಕ್ಕನ ಕೈಗೆ ಕೊಟ್ಟರು. ಅವಳ ಅತ್ತೆ ಅದನ್ನು ಮೂರು ಸಲ ಓದಿಸಿಕೊಂಡು ಬಾಯ್ತುಂಬ ನಕ್ಕಳು.

"ಸತ್ತ ಎಮ್ಮೆಗೆ ಹಾಲು ಹೆಚ್ಚು ಅಂತಾರಲ್ಲ, ಸುಳ್ಳಲ್ಲ ನೋಡು. ಇದ್ದಾಗ ನೀರು ಚಿಮುಕಿಸಿ ಎಬ್ಬಿಸ್ಬೇಕಿತ್ತು ನನ್ನ ಮಗನ್ನ. ಸತ್ತ ಮೇಲೆ ಬುದ್ಧಿ ಬಂದಿದೆ."

ಸತ್ತವನು ಗ್ರೇಡರ್ ಆಗಿರುವುದರಲ್ಲಿ ಒಂದು ಅನುಕೂಲವೂ ಇತ್ತು. ಅಂಕಿ ಕಡಿಮೆ ಬಂದವರು ಸಿಟ್ಟಿಗೆದ್ದು ಬಂದರೆ, ಮೂಟೆ ಹೊರುವ ಹಮಾಲಿ ಬಾಗಿಲಲ್ಲೇ ತಡೆದು, "ಎಪ್ಪತ್ತೊಂಬತ್ತು ಹಾಕಿರೋನು ನಿಧಾನಪ್ಪ. ಜಗಳ ಆಡೋದಿದ್ರೆ ದಿಬ್ಬದ ಹಿಂದೆ ಹೋಗಿ, ಅಲ್ಲೇ ಮಲಗಿದಾನೆ. ಎಬ್ಬಿಸೋದು ಮಾತ್ರ ನಿಮ್ಮ ಜವಾಬ್ದಾರಿ" ಎನ್ನುತ್ತಿದ್ದ. ಬಂದವರು ನಕ್ಕು ಮೂಟೆ ವಾಪಸು ಏರಿಸಿಕೊಂಡು ಹೋಗುತ್ತಿದ್ದರು. ಎಲ್ಲರಿಗೂ ಒಳಗೊಳಗೇ ಗೊತ್ತಿತ್ತು. ಗೊತ್ತಿದೆ ಎಂದು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಹೀಗಿರುವಾಗ ಒಂದು ಮಂಗಳವಾರ ಸಂಘಕ್ಕೆ ಬೀಗದಯ್ಯ ಬಂದ.

ಹೆಡ್ ಆಫೀಸು ಕಳಿಸಿದ ಕಂಪ್ಯೂಟರ್ ಇಂಜಿನಿಯರ್ ಆತ. ಐವತ್ತರ ಆಸುಪಾಸು, ದಪ್ಪ ಮೈ, ಕೂತರೆ ಕುರ್ಚಿ ನಿಟ್ಟುಸಿರು ಬಿಡುತ್ತಿತ್ತು. ಯಾಕೆ ಬಂದಿರಿ ಎಂದು ಹಮಾಲಿ ಕೇಳಿದ್ದಕ್ಕೆ "ಬೀಗ ಬದಲಾಯಿಸೋಕೆ" ಎಂದಿದ್ದ. ಹಮಾಲಿ ಆತನ ಚೀಲದಲ್ಲಿ ಬೀಗ ಹುಡುಕಿ, ಸಿಗದೆ, ಅವತ್ತೇ ಆ ಹೆಸರಿಟ್ಟುಬಿಟ್ಟ. ಆತನೂ ಬೇಸರ ಮಾಡಿಕೊಳ್ಳಲಿಲ್ಲ.

ಎಲ್ಲರನ್ನೂ ಕೂರಿಸಿ ಆತ ನಿಧಾನವಾಗಿ ವಿವರಿಸಿದ. ಇನ್ನು ಮುಂದೆ ಪಾಸ್‌ವರ್ಡ್ ಇಲ್ಲ. ಪ್ರತಿಯೊಬ್ಬರಿಗೂ ಒಂದೇ ಒಂದು ಗುರುತು. ಎಂಟು ಶಾಖೆಗೂ, ಗೋದಾಮಿನ ಬಾಗಿಲಿಗೂ, ಕಂಪ್ಯೂಟರಿಗೂ ಅದೇ. ತಮ್ಮ ಫೋನಿನಲ್ಲಿ ಒಪ್ಪಿಗೆ ಕೊಟ್ಟರೆ ಒಳಗೆ, ಫೋನ್ ಇಲ್ಲದವರಿಗೆ ಕಂಪ್ಯೂಟರಿಗೆ ಸಿಕ್ಕಿಸುವ ಹೆಬ್ಬೆರಳು ಗಾತ್ರದ ಒಂದು ಕೀಲಿ. ಯಾರ ಕೆಲಸ ಏನೋ ಅಷ್ಟೇ ಬಾಗಿಲು ತೆರೆಯುತ್ತದೆ. ಮೂರು ತಿಂಗಳಿಗೊಮ್ಮೆ ಮೇಲಿನವರು ಕೂತು, ಇವರಿಗೆ ಈ ಬಾಗಿಲು ಇನ್ನೂ ಬೇಕೇ ಎಂದು ಒಬ್ಬೊಬ್ಬರದೂ ನೋಡಿ ಒಪ್ಪಬೇಕು. ಕೆಲಸ ಬಿಟ್ಟವರ ಬಾಗಿಲು ಅವತ್ತೇ ಬಂದ್.

"ನನಗೆ ಮಾತ್ರ ಎಲ್ಲಾ ಬಾಗಿಲೂ ಇರತ್ತೆ ಅಲ್ವಾ?" ಎಂದರು ಸೆಕ್ರೆಟರಿ, ಕೇಳುವಂತಲ್ಲ, ನೆನಪಿಸುವಂತೆ.

"ಇಲ್ಲ ಸಾರ್. ನಿಮಗೆ ನಿಮ್ಮದು ಮಾತ್ರ. ಗ್ರೇಡಿನ ಅಂಕಿ ನೀವು ನೋಡಬಹುದು, ಮುಟ್ಟೋ ಹಾಗಿಲ್ಲ."

ಸೆಕ್ರೆಟರಿಯವರ ಮುಖ ಸ್ವಲ್ಪ ಇಳಿಯಿತು. ಈವರೆಗೆ ಸಂಜೆ ಎಂಬತ್ತನಾಲ್ಕು ಇದ್ದದ್ದು ಬೆಳಿಗ್ಗೆ ಎಂಬತ್ತೈದಾಗಿರುವುದು ವರ್ಷಕ್ಕೊಂದೆರಡು ಸಲ ನಡೆಯುತ್ತಿತ್ತು. ಬೀಜದಕ್ಕ ಕೇಳಿದರೆ, "ರಾತ್ರಿ ಇನ್ನೊಂದು ಮೊಳೆತಿರಬೇಕಮ್ಮ, ಜೀವ ಅಲ್ವೇ ಅದು" ಎನ್ನುತ್ತಿದ್ದರು.

"ಇಷ್ಟೆಲ್ಲ ಯಾಕಪ್ಪ? ನಮ್ಮಲ್ಲೇನಿದೆ ಕದಿಯೋಕೆ, ಜೋಳದ ಕಾಳು" ಎಂದ ಹಮಾಲಿ.

"ಬೇರೆ ಒಂದು ಕಡೆ ಕೆಲಸ ಬಿಟ್ಟು ಹೋದವರ ಹಳೇ ಪಾಸ್‌ವರ್ಡ್ ಹಿಡ್ಕೊಂಡು ಯಾರೋ ಒಳಗೆ ಬಂದು, ಇಡೀ ಆಫೀಸು ನಾಲ್ಕು ದಿನ ಕಲ್ಲಿನ ಹಾಗೆ ಕೂತಿತ್ತು. ಮನೆಯವರ ಬಾಗಿಲು ಯಾರಾದ್ರೂ ಕಾಯ್ತಾರೆ. ಸತ್ತವರ ಬಾಗಿಲು ಕಾಯೋರು ಯಾರು?" ಎಂದು ಬೀಗದಯ್ಯ ಪಟ್ಟಿ ತೆಗೆದ. ಒಬ್ಬೊಬ್ಬರ ಹೆಸರೂ ಓದಿ ಮುಖ ನೋಡಿ ಗುರುತು ಹಾಕುತ್ತಾ ಬಂದ. ಕೊನೆಗೆ, "ಗ್ರೇಡರ್. ಭಾರೀ ಮನುಷ್ಯ ಇವರು. ಆರು ವರ್ಷದಲ್ಲಿ ಒಂದು ದಿನ ಹುಷಾರು ತಪ್ಪಿಲ್ಲ. ಎಲ್ಲಿ, ಸ್ವಲ್ಪ ಕರೀರಿ."

ಕೋಣೆಯಲ್ಲಿ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

"ಕರೆದ್ರೆ ಬರೋದು ಕಷ್ಟ ಸ್ವಾಮಿ. ನೀವೇ ಹೋಗ್ಬೇಕು" ಎಂದ ಹಮಾಲಿ.

"ಎಲ್ಲಿಗೆ?"

"ಅವಸರ ಇಲ್ಲ ಬಿಡಿ. ಹೇಗಿದ್ರೂ ಒಂದಿನ ಎಲ್ಲರೂ ಹೋಗೋ ಜಾಗವೇ."

ಬೀಗದಯ್ಯ ಹಮಾಲಿಯ ಮುಖ ನೋಡಿದ, ಸೆಕ್ರೆಟರಿಯವರ ಮುಖ ನೋಡಿದ, ಆಮೇಲೆ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಬೀಜದಕ್ಕನನ್ನು ನೋಡಿದ. ಪಟ್ಟಿಯಲ್ಲಿ ಏನನ್ನೋ ಸಣ್ಣಗೆ ಬರೆದುಕೊಂಡ. "ಹಾಗಾದ್ರೆ ಈ ಆರು ವರ್ಷ ಒಳಗೆ ಬರ್ತಿದ್ದ ಕೈ ಯಾರದು?" ಎಂದು ಕೇಳಿದ. ಗದರಿಸಲಿಲ್ಲ, ಮಗ್ಗಿ ಕೇಳುವ ಮೇಷ್ಟ್ರಂತೆ ಕೇಳಿ ಕಾದ. "ಶುಕ್ರವಾರ ಸಂಜೆ ಐದಕ್ಕೆ ಇವರ ಗುರುತು ಮುಚ್ತೀನಿ. ಅಷ್ಟರೊಳಗೆ ಹೇಳಿ. ಇವರ ಹೆಸರಲ್ಲಿ ಇನ್ನೂ ಇಪ್ಪತ್ತಮೂರು ಲಾಟು, ಅಂದ್ರೆ ಇಪ್ಪತ್ತಮೂರು ಕಡೆಯ ಬೀಜ, ಎಣಿಸೋಕೆ ಬಾಕಿ ಇದೆ. ಅದನ್ನ ವಹಿಸಿಕೊಳ್ಳೋರ ಹೆಸರು ಕೊಡದೆ ಮುಚ್ಚೋಕೆ ಬರಲ್ಲ."

ಮಧ್ಯಾಹ್ನ ಸೆಕ್ರೆಟರಿ ಬೀಜದಕ್ಕನನ್ನು ಗೋದಾಮಿನ ಮೂಲೆಗೆ ಕರೆದರು. ಮೂಟೆಗಳ ಸಾಲಿನ ನಡುವೆ ಅವರ ದನಿ ಇನ್ನೂ ಸಣ್ಣದಾಯಿತು.

"ನೋಡಮ್ಮ, ಒಬ್ಬರ ಹೆಸರಲ್ಲಿ ಇನ್ನೊಬ್ಬರನ್ನ ಒಳಗೆ ಬಿಟ್ಟಿದ್ದಕ್ಕೆ ನನ್ನ ಕುತ್ತಿಗೆಗೆ ಬರತ್ತೆ. ನಿನ್ನ ಕುತ್ತಿಗೆಗೂ ಬರತ್ತೆ. ಅಟೆಂಡರ್ ಕೆಲಸಾನೂ ಹೋಗಬಹುದು. ಮಷೀನೇ ತಾನಾಗಿ ಮಾಡ್ಕೋತಿತ್ತು ಅಂದ್ಬಿಡೋಣ. ಸತ್ತವನ ಮೇಲೆ ಹೊರಿಸಿದ್ರೆ ಅವನಿಗೇನು ನೋವಾ?"

"ಆಮೇಲೆ ಎಣಿಸೋರು ಯಾರು ಸಾರ್?"

"ನನ್ನ ಹೆಸರು ಕೊಡ್ತೀನಿ. ಎಣಿಸೋದು ಏನು ಮಹಾ ವಿದ್ಯೆ? ಒಂದರಿಂದ ನೂರು."

ಅಟೆಂಡರ್ ಗುರುತಿಗೆ ತೆರೆಯುವುದು ಹಿಂಬಾಗಿಲು ಮತ್ತು ಸೂಚನಾ ಫಲಕ, ಎರಡೇ ಎಂದು ಬೀಗದಯ್ಯ ಆಗಲೇ ಹೇಳಿದ್ದ. ಸೋಮವಾರದಿಂದ ಮೊಳಕೆ ಕೋಣೆಯನ್ನು ಗುಡಿಸಬಹುದು, ತಟ್ಟೆಯನ್ನು ಮುಟ್ಟುವಂತಿಲ್ಲ. ಬಾಯಿ ಬಿಟ್ಟರೆ ಗುಡಿಸುವ ಕೆಲಸವೂ ಹೋಗಬಹುದು. ಅತ್ತ ದರಿ, ಇತ್ತ ಪುಲಿ.

ಸಂಜೆ ಮನೆಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಸೊಸೆ ಚಪ್ಪಲಿ ಬಿಡುವುದರಲ್ಲೇ ಮುದುಕಿಗೆ ವಾಸನೆ ಹತ್ತಿತು. ಎಲ್ಲ ಹೇಳಿಸಿಕೊಂಡಳು.

"ಅಂದ್ರೆ ನನ್ನ ಮಗ ಶುಕ್ರವಾರ ಎರಡನೇ ಸಲ ಸಾಯ್ತಾನೆ ಅನ್ನು."

"ನಗಬೇಡಿ ಅತ್ತೆ."

"ನಗದೆ ಅಳ್ಳಾ? ಅತ್ತಿದ್ದು ಆಯ್ತಲ್ಲ ಆವತ್ತೇ." ಕಾಳು ಬಟ್ಟಲಿಗೆ ಬೀಳಿಸಿದಳು. "ಅವನು ಇದ್ದಾಗ ಭಾನುವಾರ ಎಣಿಸಿದ್ದು ನೀನು, ಸೋಮವಾರ ಹೊಗಳಿಸಿಕೊಂಡಿದ್ದು ಅವನು. ಸತ್ತ ಮೇಲೂ ಹಾಗೇ ನಡೀತು. ಈಗ ಆ ಸೆಕ್ರೆಟರಿಗೆ ದಾನ ಮಾಡು. ಕೊಡೋ ಕೈ ನಿಂದು, ತಾಯಿ."

"ಹೇಳಿದ್ರೆ ಇರೋ ಕೆಲಸಾನೂ ಹೋಗತ್ತೆ."

"ಹೋಗಬಹುದು" ಎಂದಳು ಅತ್ತೆ ತಣ್ಣಗೆ. "ಸುಮ್ನಿದ್ರೆ ಏನು ಹೋಗತ್ತೆ ಅಂತಾನೂ ಎಣಿಸಿ ನೋಡು. ಎಣಿಸೋದ್ರಲ್ಲಿ ನೀನು ಗಟ್ಟಿ ಅಲ್ವಾ." ಸ್ವಲ್ಪ ತಡೆದು, "ನಾನು ಹೇಳಿದೆ ಅಂತ ಮಾಡಬೇಡ. ಆಮೇಲೆ ಸೊಸೇನ ಕೆಡಿಸಿದ್ಲು ಅಂತಾರೆ" ಎಂದು ಸೇರಿಸಿದಳು.

ಬುಧವಾರ, ಗುರುವಾರ ಬೀಜದಕ್ಕ ಎಂದಿನಂತೆ ಹೋದಳು, ಎಂದಿನಂತೆ ಎಣಿಸಿದಳು, ಗಂಡನ ಹೆಸರು ಟೈಪ್ ಮಾಡಿದಳು. ಬೀಗದಯ್ಯ ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ವೈರುಗಳ ನಡುವೆ ಕೂತು ಏನನ್ನೋ ಮಾಡುತ್ತಿದ್ದವನು ಒಮ್ಮೆಯೂ ತಲೆಯೆತ್ತಲಿಲ್ಲ. ಅಷ್ಟು ದಪ್ಪ ಮನುಷ್ಯ ಅಷ್ಟು ಅಚ್ಚುಕಟ್ಟಾಗಿ ಕುರುಡಾಗಿದ್ದುದು ಅವಳಿಗೆ ಒಂದು ಬಗೆಯ ಕಸಿವಿಸಿ. ಬಾಯಿ ತನಕ ಬಂದ ಮಾತು ಎರಡು ದಿನವೂ ಚಹಾದ ಜೊತೆ ಒಳಗೇ ಇಳಿಯಿತು.

ಶುಕ್ರವಾರ ಮೂರು ಗಂಟೆಗೆ ಸೆಕ್ರೆಟರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊಳಕೆ ಕೋಣೆಗೆ ಬಂದರು. ಬೇರೆ ಯಾರೂ ಮುಂದೆ ಬಾರದ್ದರಿಂದ ಬಾಕಿ ವಹಿಸಿಕೊಳ್ಳುವವರ ಜಾಗದಲ್ಲಿ ಅವರ ಹೆಸರೇ ಕೂತಿತ್ತು, ಆ ಲಾಟುಗಳ ಮಟ್ಟಿಗೆ ಅಂಕಿ ಮುಟ್ಟುವ ಬಾಗಿಲೂ ತೆರೆದಿತ್ತು. ಕೊಟ್ಟು ತೆಗೆದುಕೊಂಡದ್ದು ಸರಿಯಾಗಿದೆಯೇ ಎಂದು ತಿಳಿಯಲು ಹೊಸ ಗುರುತಿನಲ್ಲಿ ಒಂದು ಲಾಟಾದರೂ ಎಣಿಸಿ ಏರಿಸಿ ತೋರಿಸಬೇಕು ಎಂದಿದ್ದ ಬೀಗದಯ್ಯ. ಅವತ್ತು ಏಳನೆಯ ದಿನ ತುಂಬಿದ್ದು ಏರಿ ಹೊಲದ ಯಜಮಾನರ ಜೋಳಕ್ಕೆ. ನಲವತ್ತು ಮೂಟೆ. ಯಜಮಾನರೂ ಬಂದು ಹೊಸ್ತಿಲಿಗೆ ಒರಗಿ ನಿಂತಿದ್ದರು. ಮುಂದಿನ ವಾರ ಮೋಡ ಕಟ್ಟುವ ಹೊತ್ತಿಗೆ ಈ ಬೀಜ ಅರವತ್ತು ಜನರ ಹೊಲಕ್ಕೆ ಹೋಗಬೇಕಿತ್ತು.

ಸೆಕ್ರೆಟರಿ ಕನ್ನಡಕ ಏರಿಸಿ, ಚಿಮುಟದ ತುದಿಯಲ್ಲಿ ಒಂದೊಂದೇ ಮೊಳಕೆ ಎತ್ತಿ ಪಕ್ಕಕ್ಕಿಟ್ಟರು. ಮೊದಲ ಹತ್ತು ಗಂಭೀರವಾಗಿ ನಡೆಯಿತು. ಆಮೇಲೆ ಕೈಗೆ ಧೈರ್ಯ ಬಂದು ವೇಗ ಹೆಚ್ಚಿತು. ಬಿಳಿ ಬಾಲ ಕಂಡದ್ದೆಲ್ಲ ಅವರಿಗೆ ಮೊಳಕೆಯೇ. ಚಹಾ ತಂದ ಬೀಜದಕ್ಕ ಗೋಡೆಗೆ ಆತು ನಿಂತು ನೋಡುತ್ತಿದ್ದಳು. ಮೊಂಡು ಬೇರು ಹೋಯಿತು, ಸರಿ ಗುಂಪಿಗೆ. ಬುಡ ನೀರಾದದ್ದು ಹೋಯಿತು, ಅದೂ ಸರಿ ಗುಂಪಿಗೆ. ಒಂದು ಕಾಳಂತೂ ಬೂಷ್ಟು ಹಿಡಿದು ಬಿಳಿ ಕೂದಲು ಬಿಟ್ಟಿತ್ತು. ಸೆಕ್ರೆಟರಿ ಅದನ್ನು ಬೆಳಕಿಗೆ ಹಿಡಿದು, "ಇದು ಬಲು ಹುಮ್ಮಸ್ಸಿಂದು" ಎಂದು ಮೆಚ್ಚಿ ಸರಿ ಗುಂಪಿಗೇ ಹಾಕಿದರು.

"ತೊಂಬತ್ತೈದು" ಎಂದು ಬೆನ್ನು ನೆಟ್ಟಗೆ ಮಾಡಿದರು.

ಯಜಮಾನರ ಮುಖ ಅರಳಿತು. "ನಿಧಾನಪ್ಪ ಇಷ್ಟು ಧಾರಾಳವಾಗಿ ಯಾವತ್ತೂ ಹಾಕಿರ್ಲಿಲ್ಲ."

ಸೆಕ್ರೆಟರಿ ಕಂಪ್ಯೂಟರಿನ ಕಡೆ ತಿರುಗಿ, ತಮ್ಮ ಫೋನಿನಲ್ಲಿ ಒಪ್ಪಿಗೆ ಒತ್ತಿ, ಒಂಬತ್ತು ಎಂಬುದನ್ನು ಹುಡುಕುತ್ತಿದ್ದರು.

"ಎಂಬತ್ತೊಂದು" ಎಂದಳು ಬೀಜದಕ್ಕ.

ಎಲ್ಲರೂ ತಿರುಗಿದರು. ಅವಳೇ ಒಂದು ಸಲ ತಿರುಗಿ ನೋಡುವುದರಲ್ಲಿದ್ದಳು, ಹಿಂದೆ ಗೋಡೆಯಿತ್ತು.

"ಚಹಾ ಅಲ್ಲಿಡಮ್ಮ" ಎಂದರು ಸೆಕ್ರೆಟರಿ, ಕಣ್ಣಲ್ಲಿ ಬೇರೆಯೇ ಮಾತು ಹೇಳುತ್ತಾ.

ಅವಳು ತಟ್ಟೆ ಇಟ್ಟಳು. ಮೇಜಿನ ಬಳಿ ಹೋಗಿ ಸರಿ ಗುಂಪಿನಿಂದ ಹದಿನಾಲ್ಕು ಮೊಳಕೆಗಳನ್ನು ಬರಿಗೈಯಲ್ಲಿ ಆರಿಸಿ ಸಾಲಾಗಿ ಇಟ್ಟಳು. ಅದಕ್ಕೆ ಎರಡು ನಿಮಿಷವೂ ಬೇಕಾಗಲಿಲ್ಲ. "ಇವು ಆರು ಮೊಂಡು. ಇವು ನಾಲ್ಕು ಬುಡ ಕೊಳೆತಿದ್ದು. ಇವು ಮೂರು ಸುರುಳಿ ಸುತ್ತಿದ್ದು, ಮೇಲೆ ಬರಲ್ಲ. ಇದು ಮೊಳಕೇನೇ ಅಲ್ಲ ಸಾರ್, ಬೂಷ್ಟು." ಆ ಕಾಳನ್ನು ಸಾಲಿನ ತುದಿಗೆ ತಳ್ಳಿದಳು. "ಇದನ್ನ ತೊಂಬತ್ತೈದು ಅಂತ ಬಿತ್ತಿದ್ರೆ ಸಾಲಿನ ಮಧ್ಯೆ ಮಧ್ಯೆ ಬಾಯಿ ಬಿಡತ್ತೆ ಹೊಲ. ಅರವತ್ತು ಮನೆಯೋರು ಮತ್ತೆ ಬಿತ್ತಬೇಕು. ಅಷ್ಟೊತ್ತಿಗೆ ಹದ ಹೋಗಿರತ್ತೆ."

"ನಿನಗೆ ಹೇಗೆ ಗೊತ್ತು?" ಎಂದರು ಯಜಮಾನರು.

"ಆರು ವರ್ಷದಿಂದ ಎಣಿಸ್ತಿರೋಳು ನಾನೇ" ಎಂದಳು. ಮಾತು ಹೊರಗೆ ಬಂದ ಮೇಲೆ ಇನ್ನುಳಿದದ್ದನ್ನೂ ಹೇಳಿದಳು. "ಅದಕ್ಕೆ ಮುಂಚೆ ಭಾನುವಾರದ್ದೂ ನಾನೇ."

ಸೆಕ್ರೆಟರಿ ಕುರ್ಚಿಯಲ್ಲಿ ಕುಸಿದು ಕೂತರು. ಬೀಗದಯ್ಯ ಮಾತ್ರ ಚಹಾದ ಲೋಟ ಎತ್ತಿಕೊಂಡು, ಸ್ವಲ್ಪ ಸ್ವಲ್ಪವಾಗಿ ಕುಡಿದು, ಲೋಟ ಕೆಳಗಿಟ್ಟ.

"ಮಂಗಳವಾರದಿಂದ ಕಾಯ್ತಿದ್ದೆ ಅಮ್ಮ. ದಿನಾ ಏಳೂಕಾಲಕ್ಕೆ ಹಿಂಬಾಗಿಲು ತೆಗೆಯೋದು ನೀವು, ಏಳೂವರೆಗೆ ಕಂಪ್ಯೂಟರಿನ ಒಳಗೆ ಬರೋದು ನಿಮ್ಮ ಮನೆಯವರು. ಬಾಗಿಲಲ್ಲಿ ರುಜು ಹಾಕೋ ಪುಸ್ತಕದ ಪ್ರಕಾರ ಅವರು ಒಂದು ದಿನಾನೂ ಬಾಗಿಲಿಂದ ಬಂದಿಲ್ಲ. ಗೋಡೆ ತೂರಿ ಬಂದಿರಬೇಕು."

"ಗೊತ್ತಿದ್ರೆ ಯಾಕೆ ಕೇಳಿದ್ರಿ?"

"ನಾನಾಗಿ ಬರೆದ್ರೆ ದೂರು ಆಗತ್ತೆ. ನೀವಾಗಿ ಹೇಳಿದ್ರೆ ಬರೀ ತಿದ್ದುಪಡಿ. ಹೆಡ್ ಆಫೀಸಿನವರಿಗೆ ತಿದ್ದುಪಡಿ ಅಂದ್ರೆ ಇಷ್ಟ."

ಆಮೇಲಿನ ಒಂದು ಗಂಟೆ ಫೋನಿನಲ್ಲಿ ಕಳೆಯಿತು. ಬೀಗದಯ್ಯ ತನ್ನ ಮೇಲಿನವರಿಗೆ ಹೇಳಿದ, ಅವರು ಅವರ ಮೇಲಿನವರಿಗೆ ಹೇಳಿದರು, ಕೊನೆಗೆ ಬೀಜ ವಿಭಾಗದ ಹಿರಿಯ ಅಧಿಕಾರಿಣಿಯೊಬ್ಬರು ಬೀಜದಕ್ಕನಿಗೇ ಫೋನ್ ಕೊಡಲು ಹೇಳಿದರು. ಆ ಹೆಂಗಸಿನ ದನಿ ಒಣಗಿದ ಸೌದೆಯಂತಿತ್ತು. ಮೊಂಡು ಬೇರಿಗೂ ಗಾಯವಾದ ಬೇರಿಗೂ ವ್ಯತ್ಯಾಸ ಹೇಗೆ ತಿಳಿಯುತ್ತದೆ ಎಂದು ಕೇಳಿದರು. ಗಾಯವಾದದ್ದು ಪಕ್ಕದಲ್ಲಿ ಇನ್ನೊಂದು ಬೇರಿಗೆ ಪ್ರಯತ್ನ ಪಡುತ್ತದೆ, ಮೊಂಡು ಪಡುವುದಿಲ್ಲ ಎಂದಳು ಇವಳು. ಎಂಟನೆಯ ದಿನ ಎಣಿಸಿದರೆ ಏನು ಎಂದು ಕೇಳಿದರು. ಒಳ್ಳೆಯದು ಕೆಟ್ಟದ್ದು ಎರಡೂ ಒಂದೇ ಬಣ್ಣವಾಗುತ್ತವೆ ಎಂದಳು.

"ಇಷ್ಟು ವರ್ಷ ಈ ಶಾಖೆ ಬೀಜ ಒಂದು ಮೂಟೆನೂ ತಿರುಗಿ ಬಂದಿಲ್ಲ. ಆ ಗ್ರೇಡರ್‌ನ ಒಂದು ಸಲ ನೋಡಬೇಕು ಅಂತಿದ್ದೆ" ಎಂದಿತು ದನಿ. "ಮೂವತ್ತು ದಿನಕ್ಕೆ ಬಾಗಿಲು ತೆಗೆದಿರ್ತೀನಿ. ಅಷ್ಟರೊಳಗೆ ಇಲ್ಲಿಗೆ ಬಂದು ಗ್ರೇಡರ್ ಪರೀಕ್ಷೆ ಬರೀಬೇಕು. ಬರೆದು ಪಾಸಾದ್ರೆ ಉಳಿಯತ್ತೆ. ಇಲ್ಲದಿದ್ರೆ ಮೂವತ್ತೊಂದನೇ ದಿನ ತಾನೇ ಮುಚ್ಕೊಳತ್ತೆ, ನಾನೂ ತೆಗೆಯೋಕಾಗಲ್ಲ. ಸೆಕ್ರೆಟರಿಗೆ ಹೇಳಿ, ಕಾರಣ ಕೇಳಿ ಅವರಿಗೊಂದು ಕಾಗದ ಬರತ್ತೆ."

ಸೆಕ್ರೆಟರಿಗೆ ಆ ಮಾತು ಫೋನಿನಾಚೆಯಿಂದಲೇ ಕೇಳಿಸಿತ್ತು. ಅವರು ಮೂಗು ಒರೆಸಿಕೊಂಡು ಬೂಷ್ಟು ಹಿಡಿದ ಕಾಳನ್ನೇ ನೋಡುತ್ತಾ ಕೂತಿದ್ದರು.

ಐದಕ್ಕೆ ಐದು ನಿಮಿಷ ಇರುವಾಗ ಬೀಗದಯ್ಯ ಹೆಬ್ಬೆರಳು ಗಾತ್ರದ ಕೀಲಿಯೊಂದನ್ನು ಅವಳ ಕೈಗಿಟ್ಟ. ಕಂಪ್ಯೂಟರಿಗೆ ಸಿಕ್ಕಿಸಿದಳು. ಪರದೆ ಹೆಸರು ಕೇಳಿತು. ಆರು ವರ್ಷದ ರೂಢಿಯ ಬೆರಳುಗಳು ಗಂಡನ ಹೆಸರಿನ ಮೂರು ಅಕ್ಷರ ಒತ್ತಿಯೇ ಬಿಟ್ಟವು. ನಿಂತಳು. ಅಳಿಸಿದಳು. ತನ್ನ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಅದು ಎಲ್ಲೆಲ್ಲಿ ಅಡಗಿದೆಯೋ ಅವಳಿಗೆ ಗೊತ್ತೇ ಇರಲಿಲ್ಲ. "ಗಂಡನಿಗಿಂತ ನಿಧಾನ" ಎಂದ ಹಮಾಲಿ ಹಿಂದಿನಿಂದ. ಅವಳು ತಿರುಗಲಿಲ್ಲ. ಏರಿ ಹೊಲದ ಜೋಳದ ಮುಂದೆ ಎಂಬತ್ತೊಂದು ಎಂದು ಬರೆದು, ಕೀಲಿಯ ಮೇಲೆ ಬೆರಳಿಟ್ಟು ಒಪ್ಪಿಗೆ ಕೊಟ್ಟಳು. ಪಕ್ಕದ ಕಂಪ್ಯೂಟರಿನಲ್ಲಿ ಬೀಗದಯ್ಯ ನಿಧಾನಪ್ಪನ ಗುರುತನ್ನು ಮುಚ್ಚಿದ. ಶಬ್ದವೇನೂ ಆಗಲಿಲ್ಲ.

ಯಜಮಾನರು ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದರು. ಮೊದಲು ಸೆಕ್ರೆಟರಿಯವರ ಹತ್ತಿರ ಹೋದರು. "ನಾಲ್ಕೇ ನಾಲ್ಕು ಕಡಿಮೆ. ನಿಮ್ಮ ಕೈಯಲ್ಲಿ ಏನಾದ್ರೂ..."

"ನನ್ನ ಕೈಯಲ್ಲಿ ಏನೂ ಇಲ್ಲ ಯಜಮಾನ್ರೇ" ಎಂದರು ಸೆಕ್ರೆಟರಿ. ಅವತ್ತು ಮೊದಲ ಸಲ ಅವರ ಮುಖದಲ್ಲಿ ಸ್ವಲ್ಪ ಸಮಾಧಾನ ಕಂಡಿತು. "ನೋಡಬಹುದು, ಮುಟ್ಟೋ ಹಾಗಿಲ್ಲ. ಮುಟ್ಟೋರು ಅಲ್ಲಿ ಕೂತಿದಾರೆ, ಅವರನ್ನೇ ಕೇಳಿ."

ಯಜಮಾನರು ಬಂದು ಬೀಜದಕ್ಕನ ಮೇಜಿನ ಮುಂದೆ ಎರಡೂ ಕೈ ಊರಿ ನಿಂತರು. ಆರು ವರ್ಷದಲ್ಲಿ ಯಾರೂ ಆ ಮೇಜಿಗೆ ಹೀಗೆ ಕೈ ಊರಿರಲಿಲ್ಲ.

"ಯಾರು ಎಂಬತ್ತೊಂದು ಹಾಕಿದ್ದು?"

"ನಾನು."

"ನಲವತ್ತು ಮೂಟೆ ಕಣಮ್ಮ. ನಾಲ್ಕು ತಿಂಗಳ ಬೆವರು. ನಿನ್ನ ಗಂಡನಾದ್ರೆ ಇಷ್ಟು ಕಲ್ಲೆದೆಯವನಲ್ಲ."

"ಅವರು ಒಳ್ಳೆಯವರು ಯಜಮಾನ್ರೇ. ಹೋಗಿಬಿಟ್ರು."

"ನಿನಗೆ ಕಣ್ಣು ಮಂಜಾಗಿರಬೇಕು."

"ಸಾಲಾಗಿ ಇಟ್ಟಿದೀನಿ. ನಿಮ್ಮ ಕಣ್ಣಿಂದ ನೋಡಿ."

"ಒಂದು ನೂರು ಕಾಳಿಂದ ನಲವತ್ತು ಮೂಟೆ ಹಣೆಬರಹ ಬರೀತೀಯಾ?"

ಅವಳಿಗೆ ಎದ್ದು ಚಹಾ ಕಾಸಲು ಹೋಗಿಬಿಡೋಣ ಎನಿಸಿತು. ಹೋಗಲಿಲ್ಲ. ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. "ಸರಿ. ಇನ್ನೊಂದು ನೂರು ಇಡೋಣ. ನಿಮ್ಮ ಮೂಟೆಯಿಂದ ನೀವೇ ತೆಗೀರಿ. ಏಳನೇ ದಿನ ನಿಮ್ಮೆದುರೇ ಎಣಿಸ್ತೀನಿ. ಎಂಬತ್ತೈದು ಬಂದ್ರೆ ನಾನೇ ನನ್ನ ಕೈಯಿಂದ ತಿದ್ದಿ ಹಾಕ್ತೀನಿ. ಎಂಬತ್ತು ಬಂದ್ರೆ ಅದನ್ನೂ ನಾನೇ ಹಾಕ್ತೀನಿ."

ಯಜಮಾನರು ಗೊಣಗುತ್ತಲೇ ಗೋದಾಮಿಗೆ ಹೋಗಿ, ಹಮಾಲಿ ಬಿಚ್ಚಿಕೊಟ್ಟ ಮೂಟೆಯಿಂದ ಒಂದು ಬೊಗಸೆ ಜೋಳ ತಂದು ಮೇಜಿನ ಮೇಲೆ ಸುರಿದರು. ಕನ್ನಡಕ ಹಾಕಿಕೊಂಡು, ದುಂಡಗೆ ತುಂಬಿದ ಕಾಳುಗಳನ್ನೇ ಒಂದೊಂದಾಗಿ ಹೆಕ್ಕಿ ಪಕ್ಕಕ್ಕಿಡತೊಡಗಿದರು. ಬೀಜದಕ್ಕ ಒದ್ದೆ ಕಾಗದ ಹಾಸುತ್ತಿದ್ದವಳು ತಲೆಯೆತ್ತದೆ ಹೇಳಿದಳು:

"ಆರಿಸೋ ಹಾಗಿಲ್ಲ ಯಜಮಾನ್ರೇ. ಕಣ್ಣು ಮುಚ್ಚಿ ತೆಗೀರಿ."